ನಾಲ್ಕು ಟ್ಯಾಬಿನ ಅಳತೆ ಪುಸ್ತಕ

ನನ್ನ ಮಾವನವರು ನಲವತ್ತೊಂದು ವರ್ಷ ಬಟ್ಟೆ ಹೊಲಿದರು. ಅಷ್ಟೂ ವರ್ಷಗಳಲ್ಲಿ ಅಳತೆ ತಪ್ಪಿತೆಂದು ಒಂದೇ ಒಂದು ಬಟ್ಟೆ ಅವರ ಅಂಗಡಿಗೆ ವಾಪಸು ಬಂದಿರಲಿಲ್ಲ. ಈ ಕೊರತೆಯನ್ನು ನಾನು ಮೂರೇ ವಾರದಲ್ಲಿ ನೀಗಿಸಿದೆ.

ನಾನೇನು ಹುಟ್ಟಾ ಕಂಪ್ಯೂಟರ್ ಮನುಷ್ಯನಲ್ಲ. ನೀರು ಸರಬರಾಜು ಕಚೇರಿಯ ಮೀಟರ್ ವಿಭಾಗದಲ್ಲಿ ಗುಮಾಸ್ತ. ಜನ ತಂದುಕೊಡುವ ದೂರಿನ ಅರ್ಜಿಗಳಿಗೆ ಮೊಹರು ಒತ್ತಿ ಪಕ್ಕದ ಮೇಜಿಗೆ ಸಾಗಿಸುವುದು ನನ್ನ ಕೆಲಸ. ಅಲ್ಲಿಂದ ಅವು ಎಲ್ಲಿಗೆ ಹೋಗುತ್ತವೆ ಎಂದು ಹದಿನೆಂಟು ವರ್ಷದಲ್ಲಿ ನಾನು ಕೇಳಿಲ್ಲ, ಅವೂ ಹೇಳಿಲ್ಲ. ಹೀಗಿದ್ದವನು ಒಂದು ದಿನ ಫೋನಿನಲ್ಲಿ ಜಾಹೀರಾತು ನೋಡಿ, ‘ಆರು ವಾರದಲ್ಲಿ ಆ್ಯಪ್ ಮಾಡಲು ಕಲಿಯಿರಿ’ ಎಂಬ ತರಗತಿಗೆ ಸೇರಿಕೊಂಡೆ. ಆರು ವಾರದ ಓದನ್ನು ಐದೇ ವಾರಕ್ಕೆ ಮುಗಿಸಿದೆ. ಹೇಗೆಂದರೆ, ಆರನೆಯ ವಾರದ ಪಾಠವನ್ನು ನೋಡಲಿಲ್ಲ. ಅದರ ಹೆಸರೇ ಒಂದು ಮೊಳ ಉದ್ದವಿತ್ತು: ‘ಬೇರೆ ಬೇರೆ ಟ್ಯಾಬಿನ ವ್ಯೂ ಕಂಟ್ರೋಲರ್‌ಗಳು ಒಂದೇ ಮಾಹಿತಿಯನ್ನು ಹಂಚಿಕೊಳ್ಳುವ ಬಗೆ.’ ಹಂಚಿಕೊಳ್ಳುವುದು ಎಳೆಮಕ್ಕಳಿಗೂ ಗೊತ್ತು, ಅದನ್ನೇನು ಪಾಠ ಮಾಡುವುದು ಎಂದುಕೊಂಡು ನೇರವಾಗಿ ಪ್ರಮಾಣಪತ್ರದ ಗುಂಡಿ ಒತ್ತಿದೆ. ಅವರೂ ದೊಡ್ಡ ಮನಸ್ಸು ಮಾಡಿ ಕೊಟ್ಟುಬಿಟ್ಟರು.

ಅದಕ್ಕೆ ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಯ ಮೇಲೆ, ಬಂದವರ ಕಣ್ಣಿಗೆ ಮೊದಲು ಬೀಳುವ ಮೊಳೆಗೆ ನೇತುಹಾಕಿದೆ.

“ರೀ, ಆ ಮೊಳೇಲಿ ನಮ್ಮ ಮದುವೆ ಫೋಟೋ ಇತ್ತಲ್ಲ?” ಎಂದಳು ಹೆಂಡತಿ.

“ಮದುವೆ ಎಲ್ರಿಗೂ ಆಗುತ್ತೆ ಕಣೇ. ಇದು ಎಲ್ರಿಗೂ ಆಗಲ್ಲ.”

“ಅದೂ ನಿಜ. ಎಲ್ರೂ ಐದೇ ವಾರಕ್ಕೆ ಓದು ಬಿಡಲ್ಲ,” ಎಂದು ಅವಳು ಮದುವೆ ಫೋಟೋವನ್ನು ಸೆರಗಿನಲ್ಲಿ ಒರೆಸಿ ಬೀರುವಿನ ಮೇಲಿಟ್ಟಳು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಕೊಡೆಯೇನೋ ಸಿಕ್ಕಿತ್ತು, ಅದನ್ನು ಹಿಡಿಯಲು ಯಾವುದಾದರೂ ಒಂದು ತಲೆ ಬೇಕಾಗಿತ್ತು. ಸಿಕ್ಕಿದ್ದು ಮಾವನವರ ತಲೆ.

ಮಾವನವರ ಅಂಗಡಿ ಗಡಿಯಾರ ರಿಪೇರಿಯವನಿಗೂ ಔಷಧದ ಅಂಗಡಿಗೂ ನಡುವೆ ಸಿಕ್ಕಿಕೊಂಡ ಉದ್ದನೆಯ ಕೋಣೆ. ಮುಂದೆ ಬಟ್ಟೆ ಕತ್ತರಿಸುವ ಮೇಜು, ಹಿಂದೆ ಎರಡು ಹೊಲಿಗೆ ಯಂತ್ರ, ಅದರಾಚೆ ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರುವ ಕಾಜಾ ಅಕ್ಕ. ಇಪ್ಪತ್ತಾರು ವರ್ಷದಿಂದ ಆ ಅಂಗಡಿಯ ಪ್ರತಿ ಬಟ್ಟೆಗೂ ಕಾಜಾ ಕಟ್ಟಿ ಗುಂಡಿ ಹಚ್ಚುತ್ತ ಬಂದಿರುವುದರಿಂದ ಅವರ ನಿಜವಾದ ಹೆಸರು ಎಲ್ಲರಿಗೂ ಮರೆತುಹೋಗಿದೆ. ಬಾಯಲ್ಲಿ ಸದಾ ಸೂಜಿ ಕಚ್ಚಿಕೊಂಡಿರುತ್ತಾರಾದ್ದರಿಂದ ಮಾತು ಕಡಿಮೆ.

ಮೇಜಿನ ಮೇಲೆ ಅಳತೆ ಪುಸ್ತಕ. ನಾಲ್ಕು ಬೆರಳು ದಪ್ಪದ್ದು, ಬೆನ್ನು ಬಿಟ್ಟಾಗಲೆಲ್ಲ ಮಾವನವರೇ ಕೋಟಿನ ದಾರದಲ್ಲಿ ಹೊಲಿದದ್ದು. ಗಿರಾಕಿಗೊಂದು ಪುಟ. ಎದೆ, ಸೊಂಟ, ತೋಳು, ಭುಜ ಎಂದು ಅಂಕಿಗಳು. ಅಂಕಿಗಳ ಪಕ್ಕದಲ್ಲಿ ಪೆನ್ಸಿಲಿನ ಟಿಪ್ಪಣಿಗಳು. ‘ಬಲ ಭುಜ ಅರ್ಧ ಇಂಚು ಇಳಿದಿದೆ, ಅವರಿಗೆ ಹೇಳಬಾರದು.’ ‘ಊಟ ಮಾಡಿಕೊಂಡು ಬಂದಿದ್ದರು, ಮುಕ್ಕಾಲು ಇಂಚು ಕಳೆ.’ ‘ಅಳತೆ ಕೊಡುವಾಗ ಉಸಿರು ಬಿಗಿ ಹಿಡಿಯುತ್ತಾರೆ. ಮಾತಾಡಿಸಿ ಅಳೆ.’ ಈ ಪುಸ್ತಕವೂ ಅವರಿಗೆ ಬರೀ ಸಾಕ್ಷಿಗೆ. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಅವರ ಸೊಂಟವೆಷ್ಟು ಎಂದು ಮಾವನವರಿಗೆ ತಿಳಿದಿರುತ್ತಿತ್ತು. ಟೇಪು ಹಿಡಿಯುತ್ತಿದ್ದುದು ಗಿರಾಕಿಯ ಸಮಾಧಾನಕ್ಕೆ.

ಒಂದು ಭಾನುವಾರ ಮಾವನವರ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ನಾನು ಗಂಟಲು ಸರಿಪಡಿಸಿಕೊಂಡೆ.

“ಮಾವ, ಆ ಪುಸ್ತಕ ಒಂದಿನ ಕಳೆದುಹೋದ್ರೆ ಏನ್ ಮಾಡ್ತೀರಿ?”

“ನಲವತ್ತೊಂದು ವರ್ಷದಿಂದ ಕಳೆದಿಲ್ಲವಲ್ಲ ಅಳಿಯಂದ್ರೇ.”

“ಅದೇ ಹೇಳ್ತಿರೋದು. ಇಷ್ಟು ವರ್ಷ ಕಳೆದಿಲ್ಲ ಅಂದ್ರೆ ಇನ್ನು ಯಾವಾಗ ಬೇಕಾದ್ರೂ ಕಳೀಬಹುದು.”

ಈ ತರ್ಕ ಚಿಕ್ಕಮಾವನಿಗೆ ಬಹಳ ಹಿಡಿಸಿತು. ಚಿಕ್ಕಮಾವ ಎಂದರೆ ಮಾವನವರ ತಮ್ಮ. ಕೋರ್ಟಿನಲ್ಲಿ ಕಡತ ಹೊತ್ತು ನಿವೃತ್ತರಾದವರು. ಮೂವತ್ತು ವರ್ಷ ನ್ಯಾಯಾಧೀಶರ ಹಿಂದೆ ನಿಂತೂ ನಿಂತೂ, ತೀರ್ಪು ತಾವೇ ಕೊಡುತ್ತಿದ್ದುದೆಂದು ನಂಬಿಕೊಂಡಿದ್ದರು.

“ಅಣ್ಣಾ, ಕಾಲಕ್ಕೆ ತಕ್ಕ ಕೋಲ. ಅಳಿಯನ ವಾದದಲ್ಲಿ ಹುರುಳಿದೆ. ಒಪ್ಪಿಕೋ,” ಎಂದು ತೀರ್ಪಿತ್ತರು.

ಮಾವನವರು ಅತ್ತೆಯ ಮುಖ ನೋಡಿದರು, ಮಗಳ ಮುಖ ನೋಡಿದರು, ಕೊನೆಗೆ ನನ್ನ ಮುಖ ನೋಡಿದರು. “ಆಗ್ಲಿ. ಆಸೆಪಟ್ಟು ಕಲಿತಿದ್ದಾರೆ. ಬೇಡ ಅಂದ್ರೆ ಅವರಿಗೆ ಬೇಜಾರಾಗುತ್ತೆ,” ಎಂದರು. ಆ್ಯಪಿನಿಂದ ಅವರಿಗೆ ಏನಾದರೂ ಪ್ರಯೋಜನವಿದೆ ಎಂಬ ಮಾತು ಅಲ್ಲೆಲ್ಲೂ ಬರಲಿಲ್ಲ. ನನಗೂ ಅದು ಹೊಳೆಯಲಿಲ್ಲ.

ಆ್ಯಪಿಗೆ ಕೆಳಗಡೆ ನಾಲ್ಕು ಟ್ಯಾಬುಗಳು: ಅಳತೆ, ಕತ್ತರಿ, ಹೊಲಿಗೆ, ಸಿದ್ಧ. ಗಿರಾಕಿ ಬಂದಾಗ ‘ಅಳತೆ’ ಒತ್ತಿ ಅಂಕಿ ತುಂಬುವುದು. ಬಟ್ಟೆ ಕತ್ತರಿಸುವಾಗ ‘ಕತ್ತರಿ’ ಒತ್ತಿ ಅಂಕಿ ನೋಡುವುದು. ಎಷ್ಟು ಸರಳ! ಪುಸ್ತಕದ ಪುಟಗಳನ್ನೆಲ್ಲ ನಾನೇ ಕೂತು ತುಂಬಿಸಿದೆ. ಟಿಪ್ಪಣಿಗಳಿಗೆ ಜಾಗವಿಟ್ಟಿರಲಿಲ್ಲವಾದ್ದರಿಂದ ಅವನ್ನು ಬಿಟ್ಟೆ. ಉಸಿರು ಬಿಗಿ ಹಿಡಿಯುವುದನ್ನು ಯಾವ ಅಂಕಿಯಲ್ಲಿ ಬರೆಯುವುದು?

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ, ಅದು ನನಗೆ ಆಮೇಲೆ ತಿಳಿದದ್ದಾದರೂ. ಈ ಟ್ಯಾಬುಗಳ ಹಿಂದೆ ಒಂದೊಂದಕ್ಕೂ ಒಬ್ಬೊಬ್ಬ ವ್ಯೂ ಕಂಟ್ರೋಲರ್ ಇರುತ್ತಾನೆ. ನಾಲ್ಕು ಕೋಣೆಯಲ್ಲಿ ನಾಲ್ವರು ಗುಮಾಸ್ತರು ಕೂತ ಹಾಗೆ. ನಾಲ್ವರೂ ಒಂದೇ ಪುಸ್ತಕ ನೋಡಿಕೊಂಡು ಕೆಲಸ ಮಾಡಬೇಕು. ನಾನು ಏನು ಮಾಡಿದ್ದೆನೆಂದರೆ, ಪ್ರತಿಯೊಬ್ಬನಿಗೂ ಪುಸ್ತಕದ ಒಂದೊಂದು ಜೆರಾಕ್ಸ್ ಕೊಟ್ಟಿದ್ದೆ. ದಿನದಲ್ಲಿ ಅವನ ಕೋಣೆಯ ಬಾಗಿಲು ಮೊದಲ ಸಲ ತೆರೆದಾಗ ಅವನು ಜೆರಾಕ್ಸ್ ತೆಗೆದುಕೊಳ್ಳುತ್ತಿದ್ದ. ಆಮೇಲೆ ಪಕ್ಕದ ಕೋಣೆಯವನು ಏನು ತಿದ್ದಿದರೂ ಇವನು ತಿರುಗಿ ನೋಡುತ್ತಿರಲಿಲ್ಲ. ಸಂಜೆ ಆ್ಯಪ್ ಮುಚ್ಚಿ ಮತ್ತೆ ತೆರೆದರೆ ಎಲ್ಲರಿಗೂ ಹೊಸ ಜೆರಾಕ್ಸ್ ಸಿಕ್ಕಿ, ನಾಲ್ವರೂ ಏನೂ ಆಗಿಲ್ಲವೆಂಬಂತೆ ಒಂದೇ ಮಾತು ಹೇಳುತ್ತಿದ್ದರು. ನಮ್ಮ ಕಚೇರಿ ನಡೆಯುವುದೂ ಹೀಗೇ. ಅದಕ್ಕೇ ಇರಬೇಕು, ನನಗೆ ಇದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಮನೆಯಲ್ಲಿ ಹೆಂಡತಿಯನ್ನು ನಿಲ್ಲಿಸಿ ಐವತ್ತು ಸಲ ಪರೀಕ್ಷೆ ಮಾಡಿದ್ದೆ. ಆ್ಯಪ್ ತೆರೆಯುವುದು, ಅಳತೆ ತುಂಬುವುದು, ಆಮೇಲೆ ‘ಕತ್ತರಿ’ ನೋಡುವುದು. ಐವತ್ತು ಸಲವೂ ಸರಿ. ಯಾರಾದರೂ ಹಾಗಲ್ಲವೆ ಮಾಡುವುದು, ಮೊದಲು ಅಳತೆ, ಆಮೇಲೆ ಕತ್ತರಿ?

ಮಾವನವರು ಹಾಗೆ ಮಾಡುತ್ತಿರಲಿಲ್ಲ. ನಲವತ್ತೊಂದು ವರ್ಷದಿಂದ ಅವರ ದಿನ ಶುರುವಾಗುತ್ತಿದ್ದುದೇ ಕತ್ತರಿಯಿಂದ. ಬೆಳಗ್ಗೆ ಬಾಗಿಲು ತೆಗೆದು, ಮೇಜು ಒರೆಸಿ, ಇವತ್ತು ಕತ್ತರಿಸುವುದು ಏನೇನಿದೆ ಎಂದು ನೋಡಿಕೊಂಡ ಮೇಲೆಯೇ ಗಿರಾಕಿಗಳ ಕಡೆ ತಿರುಗುವುದು. ಅವರ ಕೈಗೆ ಆ್ಯಪ್ ಕೊಟ್ಟು, ಪುಸ್ತಕವನ್ನು ‘ಭದ್ರವಾಗಿರಲಿ’ ಎಂದು ನಾನು ನಮ್ಮ ಮನೆಗೆ ತಂದು ಬೀರುವಿನಲ್ಲಿಟ್ಟೆ. ಬರುವಾಗ ಒಂದು ಉಪದೇಶವನ್ನೂ ಮಾಡಿದೆ.

“ಮಾವ, ಇನ್ಮೇಲೆ ತಲೆ ನಂಬಬೇಡಿ. ಫೋನ್ ನಂಬಿ.”

ಕಾಜಾ ಅಕ್ಕ ಬಾಯಿಯ ಸೂಜಿ ತೆಗೆದು ನನ್ನನ್ನು ಒಮ್ಮೆ ನೋಡಿ, ಮತ್ತೆ ಕಚ್ಚಿಕೊಂಡರು.

ಎರಡು ವಾರ ಕುತ್ತಿಲ್ಲದೆ ಕಳೆಯಿತು. ಮೂರನೆಯ ವಾರ ಹೈಸ್ಕೂಲಿನ ವಾರ್ಷಿಕೋತ್ಸವ. ಹೆಡ್ ಮೇಷ್ಟ್ರು ಹೊಸ ಪ್ಯಾಂಟಿಗೆ ಬಟ್ಟೆ ಕೊಟ್ಟಿದ್ದರು, ಶಾಲೆಯ ಬ್ಯಾಂಡು ಕಲಿಸುವ ಬ್ಯಾಂಡಿನ ಯಜಮಾನರು ಹೊಸ ಕೋಟಿಗೆ. ಇಬ್ಬರೂ ಹಳೇ ಗಿರಾಕಿಗಳು. ಮೇಷ್ಟ್ರು ಎರಡು ತಿಂಗಳು ಜ್ವರದಲ್ಲಿ ಮಲಗಿ ಇಳಿದಿದ್ದರು. ಯಜಮಾನರು ಎರಡು ತಿಂಗಳು ಮಗಳ ಮನೆಯಲ್ಲಿದ್ದು ಏರಿದ್ದರು. ಕತ್ತರಿಸುವ ದಿನ ಬೆಳಗ್ಗೆ ಇಬ್ಬರೂ ನೆನಪಾಗಿ ಓಡಿಬಂದು ಹೊಸ ಅಳತೆ ಕೊಟ್ಟುಹೋದರು. ಮಾವನವರು ನಿಷ್ಠೆಯಿಂದ ‘ಅಳತೆ’ ಟ್ಯಾಬಿನಲ್ಲಿ ತಿದ್ದಿದರು. ಆದರೆ ಆ ಹೊತ್ತಿಗೆ ‘ಕತ್ತರಿ’ಯವನು ಬಾಗಿಲು ತೆರೆದು ತನ್ನ ಜೆರಾಕ್ಸ್ ತೆಗೆದುಕೊಂಡು ಕೂತಾಗಿತ್ತು.

ಹನ್ನೊಂದು ಗಂಟೆಗೆ ಕಚೇರಿಯಲ್ಲಿ ನನ್ನ ಫೋನು ಬಡಿದುಕೊಂಡಿತು. ಎದುರಿಗೆ ಮೀಟರ್ ಹಿಂದಕ್ಕೆ ಓಡುತ್ತದೆಂದು ದೂರು ತಂದ ಒಬ್ಬ ಮುದುಕಿ ನಿಂತಿದ್ದಳು.

“ಅಳಿಯಂದ್ರೇ, ಕೆಲಸದಲ್ಲಿದ್ದೀರಾ? ಒಂದೇ ಮಾತು. ಮೇಷ್ಟ್ರ ಸೊಂಟ ಫೋನು ಮೂವತ್ತೆಂಟು ಅನ್ನುತ್ತೆ. ನನ್ನ ಕೈ ಮೂವತ್ನಾಲ್ಕು ಅನ್ನುತ್ತೆ. ಯಾರ ಮಾತು ಕೇಳಲಿ?”

ನಾನು ಮೊಹರು ಒತ್ತುತ್ತ, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಆ ಮುದುಕಿಗೂ ಕೇಳಿಸಲಿ ಎಂದು ಜೋರಾಗಿ ಹೇಳಿದೆ: “ಫೋನ್ ಮಾತು ಕೇಳಿ ಮಾವ. ಅದು ತಪ್ಪೋದೇ ಇಲ್ಲ.”

“ಆಗಬಹುದು,” ಎಂದರು ಮಾವನವರು. ಯಜಮಾನರ ಕೋಟಿನ ವಿಷಯಕ್ಕೆ ಅವರು ಫೋನು ಮಾಡಲೇ ಇಲ್ಲ. ಒಂದು ಸಲ ಹೇಳಿದರೆ ಅರ್ಥ ಮಾಡಿಕೊಳ್ಳುವ ಮನುಷ್ಯ.

ವಾರ್ಷಿಕೋತ್ಸವದ ಬಟ್ಟೆಗಳು ಎರಡೂ ಹಿಂದಿನ ದಿನ ಸಂಜೆ ಇಸ್ತ್ರಿಯಾಗಿ ಅವರವರ ಮನೆ ಸೇರಿದವು. ಮಾವನವರು ಹೊಲಿದದ್ದನ್ನು ಹಾಕಿ ನೋಡುವ ಪದ್ಧತಿ ಯಾರಿಗೂ ಇರಲಿಲ್ಲ. ಸಮಯಕ್ಕೆ ಸರಿಯಾಗಿ ಹಾಕಿಕೊಂಡು ಹೊರಟರೆ ಮುಗಿಯಿತು. ಮೇಷ್ಟ್ರು ಬೆಲ್ಟಿನ ಕೊನೆಯ ತೂತಿಗೂ ನಿಲ್ಲದ ಪ್ಯಾಂಟನ್ನು ಕೈಯಲ್ಲಿ ಹಿಡಿದು, ‘ಇನ್ನೂ ಸೊರಗಿದ್ದೇನೆ ಅಂತ ಕಾಣುತ್ತೆ’ ಎಂದು ತಮ್ಮ ಆರೋಗ್ಯದ ಬಗ್ಗೆಯೇ ಚಿಂತಿಸುತ್ತ ವೇದಿಕೆ ಹತ್ತಿದರು. ಯಜಮಾನರು ಕೋಟಿನ ಗುಂಡಿ ಹಾಕಲಾಗದೆ, ‘ಮಗಳ ಮನೆ ಊಟ ಇನ್ನೂ ಇಳಿದಿಲ್ಲ’ ಎಂದು ತಮ್ಮ ಹೊಟ್ಟೆಯನ್ನೇ ಬೈದುಕೊಂಡು ಬ್ಯಾಂಡಿನ ಮುಂದೆ ನಿಂತರು. ಮಾವನವರ ಕತ್ತರಿಯ ಮೇಲೆ ಅನುಮಾನಪಡುವುದು ಇಬ್ಬರಿಗೂ ಹೊಳೆಯಲಿಲ್ಲ. ಎಂಥ ಹೆಸರು ಅದು! ಎರಡನೆಯ ಸಾಲಿನಲ್ಲಿ ಮಾವನವರು, ಅತ್ತೆ, ಚಿಕ್ಕಮಾವ, ಹೆಂಡತಿ, ನಾನು.

ಯಜಮಾನರು ಕೋಲೆತ್ತಿದರು. ಬ್ಯಾಂಡು ಶುರುವಾಗುವ ಮೊದಲೇ ಒಂದು ಸದ್ದು ಬಂತು. ಕೋಟು ಕತ್ತಿನಿಂದ ಸೊಂಟದವರೆಗೆ ಹಿಂದುಗಡೆ ಎರಡು ಭಾಗವಾಯಿತು. ಮಕ್ಕಳು ಹೋ ಎಂದರು. ಅವರನ್ನು ಸುಮ್ಮನಾಗಿಸಲು ಮೇಷ್ಟ್ರು ಎದ್ದು ನಿಂತು ಎರಡೂ ಕೈ ಮೇಲೆತ್ತಿ “ಶಾಂತಿ! ಶಾಂತಿ!” ಎಂದರು. ಕೈ ಮೇಲೆ ಹೋಯಿತು, ಪ್ಯಾಂಟು ಕೆಳಗೆ ಹೋಯಿತು. ಮುಖ್ಯ ಅತಿಥಿಗಳು ಸಮಯಸ್ಫೂರ್ತಿಯಿಂದ ತಮಗೆ ಹೊದಿಸಿದ್ದ ಶಾಲನ್ನು ತೆಗೆದು ಮೇಷ್ಟ್ರ ಸೊಂಟಕ್ಕೆ ಸುತ್ತಿದರು. ಸನ್ಮಾನ ಹೀಗೆ ಕೈ ಬದಲಾದದ್ದನ್ನು ಕಂಡು ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು.

ಎಲ್ಲರೂ ನಗುತ್ತಿದ್ದರು. ನನಗೂ ನಗು ತಡೆಯಲಾಗದೆ ಕರವಸ್ತ್ರ ಹಿಡಿದುಕೊಂಡಿದ್ದೆ. ಪಕ್ಕಕ್ಕೆ ತಿರುಗಿದರೆ ಮಾವನವರು ತಮ್ಮ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಅವನ್ನೇ ನೋಡುತ್ತಿದ್ದರು.

ಮರುದಿನ ಬೆಳಗ್ಗೆ ಅಂಗಡಿಯಲ್ಲಿ ಜನವೋ ಜನ. ಮೇಷ್ಟ್ರು, ಯಜಮಾನರು, ಗಡಿಯಾರ ರಿಪೇರಿಯವನು, ಔಷಧದ ಅಂಗಡಿಯವನು, ಮನೆಯಿಂದ ನಾವೆಲ್ಲ. ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಮಾಸ್ಟ್ರೇ, ನಿಮ್ಮ ಕೈಲಿ ಹೀಗಾಯ್ತಲ್ಲ ಅನ್ನೋದೇ ನನಗೆ ನಂಬೋಕಾಗ್ತಿಲ್ಲ,” ಎಂದರು ಮಾವನವರಿಗೆ. ಕೈಯಲ್ಲಿ ಪ್ಯಾಂಟು ಮಡಿಸಿ ಹಿಡಿದಿದ್ದರು. ನಲವತ್ತೊಂದು ವರ್ಷದಲ್ಲಿ ಮೊದಲ ಸಲ ವಾಪಸು ಬಂದ ಬಟ್ಟೆ.

ಮಾವನವರು ಫೋನು ತೆರೆದರು. ‘ಅಳತೆ’ ಒತ್ತಿದರು: ಮೂವತ್ನಾಲ್ಕು. ‘ಕತ್ತರಿ’ ಒತ್ತಿದರು: ಮೂವತ್ನಾಲ್ಕು. ಹೊಸ ದಿನ, ಹೊಸ ಜೆರಾಕ್ಸ್. ಎರಡೂ ಕಡೆ ಒಂದೇ ಅಂಕಿ.

“ಮೂವತ್ತೆಂಟು ಇತ್ತಲ್ಲ…” ಎಂದರು ಅವರು ತಮಗೆ ತಾವೇ.

ಎಲ್ಲರೂ ನನ್ನ ಕಡೆ ತಿರುಗಿದರು. ಪ್ರಮಾಣಪತ್ರ ಪಡೆದವನು ನಾನು. ಆ ಕ್ಷಣದಲ್ಲಿ ನನ್ನ ಬಾಯಿ ನನ್ನನ್ನು ಕೇಳದೆ ಮಾತಾಡಿತು ಎಂದು ಹೇಳಿಕೊಳ್ಳಬಹುದು, ಆದರೆ ಅದು ಸುಳ್ಳು. ಕೇಳಿಯೇ ಮಾತಾಡಿತು.

“ಆ್ಯಪ್ ಸರಿಯಾಗೇ ಇದೆ. ಮಾವ, ನೀವೇ ಎಲ್ಲೋ ತಪ್ಪು ನೋಡಿರಬೇಕು.”

ಕಿಟಕಿಯ ಹತ್ತಿರ ಕಾಜಾ ಅಕ್ಕನ ಕೈ ನಿಂತಿತು. ಮಾವನವರು ನನ್ನ ಮುಖ ನೋಡಿದರು. ಫೋನು ಮಾಡಿ ಕೇಳಿದ್ದೆನಲ್ಲ ಎನ್ನುತ್ತಾರೆ ಎಂದು ನಾನು ಕಾದೆ. ಅವರು ಅನ್ನಲಿಲ್ಲ. “ಇರಬಹುದು,” ಎಂದರು. “ವಯಸ್ಸಾಯ್ತು ನೋಡಿ.” ಕೊರಳಿನ ಟೇಪನ್ನು ತೆಗೆದು, ಸುರುಳಿ ಸುತ್ತಿ, ಮೇಜಿನ ಖಾನೆಗೆ ಹಾಕಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನೆನಪಾಯಿತು. ಆ ಅಡಿಕೆ ಯಾವುದು ಎಂಬುದು ನನ್ನೊಬ್ಬನಿಗೇ ಗೊತ್ತಿತ್ತು, ಇನ್ನೂ ಅರ್ಧಂಬರ್ಧ.

ಅಂದೇ ಮಧ್ಯಾಹ್ನ ಚಿಕ್ಕಮಾವ ವಿಚಾರಣೆಗೆ ಕೂತರು.

“ಅಣ್ಣಾ, ಗಾಬರಿಯಾಗ್ಬೇಡ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ನಿನ್ನೆ ಬೆಳಗ್ಗೆ ಏನು ತಿಂದೆ?”

“ನೀನು ನನ್ನ ತಟ್ಟೆಯಿಂದ ಎತ್ಕೊಂಡು ಉಳಿದದ್ದು.”

“ನೋಡಿದ್ರಾ? ಪದಾರ್ಥದ ಹೆಸರು ಬರ್ತಿಲ್ಲ,” ಎಂದು ಚಿಕ್ಕಮಾವ ನಮ್ಮ ಕಡೆ ತಿರುಗಿ ತಲೆಯಾಡಿಸಿದರು.

ಅತ್ತೆ ಅಡುಗೆಮನೆಯ ಡಬ್ಬಿಗಳಿಗೆಲ್ಲ ಸಕ್ಕರೆ, ಉಪ್ಪು ಎಂದು ಚೀಟಿ ಅಂಟಿಸಿದರು. ಮದುವೆಯಾದಂದಿನಿಂದ ಮಾವನವರು ಅಡುಗೆಮನೆಗೆ ಕಾಲಿಟ್ಟವರಲ್ಲ. ಔಷಧದ ಅಂಗಡಿಯವನು ಅವರೊಡನೆ ಗಟ್ಟಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ ಮಾತಾಡತೊಡಗಿದ. ಗಡಿಯಾರ ರಿಪೇರಿಯವನು ದಿನಾ ಬೆಳಗ್ಗೆ ಬಂದು ಇವತ್ತು ಯಾವ ವಾರ ಎಂದು ತಿಳಿಸಿ ಹೋಗುತ್ತಿದ್ದ, ಎರಡು ಸಲ ತಪ್ಪಾಗಿ. ಕೊನೆಗೆ ವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದರು ವೈದ್ಯರು. ಇಂಚಿನ ಕಾಲುಭಾಗ ಅರ್ಧಭಾಗಗಳಲ್ಲೇ ಬದುಕಿದ ಮನುಷ್ಯ; ಮಾವನವರು ಓಡುವ ಹೊಲಿಗೆಯ ಹಾಗೆ ಎರಡರವರೆಗೆ ಇಳಿದು ನಿಂತರು. ವೈದ್ಯರು ಅರುವತ್ತೈದರ ಹತ್ತಿರವೇ ಲೆಕ್ಕ ತಪ್ಪಿಸಿಕೊಂಡಿದ್ದರು.

“ವಯಸ್ಸಿಗೆ ತಕ್ಕ ಹಾಗಿದ್ದಾರೆ,” ಎಂದರು ಅವರು.

“ತಕ್ಕ ಹಾಗೆ ಅಂದ್ರೆ ಆಯ್ತಲ್ಲ,” ಎಂದು ಚಿಕ್ಕಮಾವ ಹೊರಗೆ ಬಂದು ಪಿಸುಗುಟ್ಟಿದರು. “ವೈದ್ಯರು ನೇರವಾಗಿ ಹೇಳ್ತಾರಾ?”

ಆ ವಾರವೇ ಅಂಗಡಿಯ ಮುಂದೆ ಒಂದು ರಟ್ಟು ಬಂತು. ಮಾವನವರದೇ ಅಕ್ಷರ: ‘ಹೊಸ ಬಟ್ಟೆ ಹೊಲಿಯುವುದಿಲ್ಲ. ಆಲ್ಟ್ರೇಷನ್ ಮಾತ್ರ.’

ಅದನ್ನು ಓದಿದ ದಿನ ನಾನು ಮನೆಗೆ ಬಂದು ಆರನೆಯ ವಾರದ ಪಾಠ ನೋಡಿದೆ. ಹದಿನಾಲ್ಕು ನಿಮಿಷದ ಪಾಠ. ಒಂಬತ್ತನೆಯ ನಿಮಿಷದಲ್ಲಿ ಪಾಠ ಮಾಡುವ ಹುಡುಗಿ ನಗುನಗುತ್ತ ಹೇಳಿದಳು: “ಪ್ರತಿ ಟ್ಯಾಬಿಗೂ ಮಾಹಿತಿಯ ನಕಲು ಕೊಡಬೇಡಿ. ಮಾಹಿತಿ ಒಂದೇ ಕಡೆ ಇರಲಿ, ಎಲ್ಲರೂ ಅದನ್ನೇ ನೋಡಲಿ. ಇಲ್ಲದಿದ್ದರೆ ಒಂದು ಟ್ಯಾಬ್ ಹೇಳುವುದು ಇನ್ನೊಂದಕ್ಕೆ ತಿಳಿಯುವುದಿಲ್ಲ. ಇದು ಹೊಸಬರೆಲ್ಲ ಮಾಡುವ ತಪ್ಪು.” ನಾನು ಹೊಸಬರಂತೆ ಮಾಡಿದ್ದೆ. ಸರಿಪಡಿಸಲು ಬೇಕಾದದ್ದು ಮೂರು ಸಾಲು. ಸರಿಪಡಿಸಿ, ಯಾರಿಗೂ ಹೇಳದೆ ಮಾವನವರ ಫೋನಿಗೆ ಹಾಕಿಕೊಟ್ಟೆ.

ಈಗ ಆ್ಯಪು ಅಪ್ಪಟ ಚಿನ್ನ. ನಾಲ್ವರು ಗುಮಾಸ್ತರೂ ಒಂದೇ ಪುಸ್ತಕಕ್ಕೆ ತಲೆ ಬಗ್ಗಿಸಿ ಕೂತಿದ್ದರು. ಆದರೆ ತೋರಿಸಲು ಹೊಸ ಬಟ್ಟೆಯೇ ಇರಲಿಲ್ಲ. ಮಾವನವರು ಇಡೀ ದಿನ ಯಾರದೋ ಪ್ಯಾಂಟಿನ ಕಾಲು ಮಡಿಸುತ್ತ, ಯಾರದೋ ಚೀಲದ ಜಿಪ್ಪು ಬದಲಿಸುತ್ತ ಕೂತಿರುತ್ತಿದ್ದರು. ಕತ್ತರಿಸುವ ಮೇಜಿನ ಮೇಲೆ ಧೂಳು ಕೂರುವುದನ್ನು ಆ ಅಂಗಡಿಯಲ್ಲಿ ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

ತಡೆಯಲಾಗಲಿಲ್ಲ. ಮೊದಲು ಹೆಂಡತಿಗೆ ಹೇಳಿದೆ. ನಾಲ್ಕು ತಟ್ಟೆ ಜೋಡಿಸಿ, ಟ್ಯಾಬು, ಗುಮಾಸ್ತ, ಜೆರಾಕ್ಸ್ ಎಲ್ಲ ವಿವರಿಸಿದೆ. “ತಪ್ಪು ನಂದು ಕಣೇ. ನಿಮ್ಮಪ್ಪನದಲ್ಲ.”

ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು. “ಅಪ್ಪನ ಮರ್ಯಾದೆ ಉಳಿಸೋಕೆ ಇಷ್ಟು ದೊಡ್ಡ ಕಥೆ ಕಟ್ಟಿದ್ರಾ ರೀ? ನಿಮ್ಮನ್ನ ನಾನು ಏನೇನೋ ಅಂದ್ಕೊಂಡಿದ್ದೆ.” ಎದ್ದು ಹೋಗಿ ನನ್ನ ಪ್ರಮಾಣಪತ್ರದ ಗಾಜನ್ನು ಒರೆಸಿದಳು. ಗೋಡೆಗೆ ಬಂದಾಗಿನಿಂದ ಅದನ್ನು ಅವಳು ಮುಟ್ಟಿರಲಿಲ್ಲ.

ಚಿಕ್ಕಮಾವನಿಗೆ ಹೇಳಿದೆ. ಅವರು ಕೈ ಎತ್ತಿ ತಡೆದರು. “ಸಾಕು. ಕೋರ್ಟಿನಲ್ಲಿ ಮೂವತ್ತು ವರ್ಷ ಸುಳ್ಳು ಕೇಳಿದ್ದೀನಿ. ಬೇರೆಯವರ ತಪ್ಪನ್ನ ತನ್ನ ಮೇಲೆ ಹಾಕ್ಕೊಳ್ಳೋ ಸುಳ್ಳು ಇದೇ ಮೊದಲು. ಅಳಿಯ ಅಂದ್ರೆ ಹೀಗಿರ್ಬೇಕು!” ಮೇಷ್ಟ್ರಿಗೆ ಹೇಳಿದೆ. ಅವರು ಸೋಮವಾರ ಶಾಲೆಯ ಪ್ರಾರ್ಥನೆಯಾದ ಮೇಲೆ ಮಕ್ಕಳಿಗೆ ನನ್ನ ತ್ಯಾಗದ ಬಗ್ಗೆ ಹತ್ತು ನಿಮಿಷ ಮಾತಾಡಿದರಂತೆ. ನಾನು ಬಾಯಿ ಬಿಟ್ಟಷ್ಟೂ ಒಳ್ಳೆಯವನಾಗುತ್ತ ಹೋದೆ, ಮಾವನವರು ಮರೆಗುಳಿಯಾಗುತ್ತ ಹೋದರು. ಒಂದೇ ಒಂದು ಸತ್ಯ, ಅದು ನನ್ನ ಟ್ಯಾಬಿನಲ್ಲಿತ್ತು. ಉಳಿದವರೆಲ್ಲ ತಮ್ಮ ತಮ್ಮ ಜೆರಾಕ್ಸ್ ಹಿಡಿದು ಕೂತಿದ್ದರು.

ಕೊನೆಗೆ ಕಾಜಾ ಅಕ್ಕನ ಹತ್ತಿರ ಹೋದೆ. ಮಾವನವರು ಊಟಕ್ಕೆ ಹೋಗಿದ್ದ ಹೊತ್ತು. ಅರ್ಧ ಹೇಳುವಷ್ಟರಲ್ಲೇ ಅವರು ಬಾಯಿಯ ಸೂಜಿ ತೆಗೆದರು.

“ನಂಗೊತ್ತು. ಅವರು ನಿಮಗೆ ಫೋನ್ ಮಾಡಿದಾಗ ನಾನು ಇಲ್ಲೇ ಕೂತಿದ್ದೆ.”

“ಮತ್ತೆ ಆ ದಿನವೇ ಯಾಕೆ ಹೇಳ್ಲಿಲ್ಲ ಅಕ್ಕ?”

“ನೀವು ಹೇಳ್ತೀರ ಅಂತ ಕಾದೆ.”

“ಈಗಲಾದ್ರೂ ಹೇಳಿ. ನಿಮ್ಮ ಮಾತು ನಂಬ್ತಾರೆ.”

“ಈಗ ಹೇಳಿದ್ರೆ ಅಳಿಯಂದ್ರು ಹೇಳಿಕೊಟ್ಟಿದ್ದಾರೆ ಅಂತಾರೆ. ಮೊನ್ನೆ ನಿಮ್ಮ ಅತ್ತೆಯವರ ಹತ್ರ ಹೇಳಿ ನೋಡ್ದೆ. ‘ನಿನಗೂ ಅಳಿಯಂದ್ರು ಎಷ್ಟು ಚೆನ್ನಾಗಿ ಪಾಠ ಮಾಡಿದ್ದಾರೆ’ ಅಂದ್ರು.” ಸೂಜಿಯನ್ನು ಮತ್ತೆ ಕಚ್ಚಿಕೊಂಡು ಅಕ್ಕ ಬೆಳಕಿಗೆ ತಿರುಗಿದರು. ಅವರ ಕೈಯಲ್ಲಿ ಕಾಜಾ ಕಟ್ಟಲು ಹೊಸ ಬಟ್ಟೆ ಇರಲಿಲ್ಲ. ಹಳೆಯ ಅಂಗಿಯೊಂದಕ್ಕೆ ಗುಂಡಿ ಹಚ್ಚುತ್ತಿದ್ದರು.

ಆಗ ನನಗೆ ಹೊಳೆಯಿತು. ಮಾತಿಗಿಂತ ಸಾಕ್ಷಿ ಲೇಸು. ತಪ್ಪಿದ್ದ ಹಳೇ ಆ್ಯಪನ್ನು ಹುಡುಕಿ ನನ್ನ ಫೋನಿಗೆ ಹಾಕಿಕೊಂಡೆ. ಬೀರುವಿನಿಂದ ಅಳತೆ ಪುಸ್ತಕ ತೆಗೆದು ಕಂಕುಳಲ್ಲಿ ಹಿಡಿದೆ. ಭಾನುವಾರ ಬೆಳಗ್ಗೆ ಅಂಗಡಿಗೆ ಹೋಗಿ ಮಾವನವರ ಎದುರು ಕೂತು, ಮೊದಲು ‘ಕತ್ತರಿ’ ತೆರೆದೆ, ಆಮೇಲೆ ‘ಅಳತೆ’ಯಲ್ಲಿ ನನ್ನ ಸೊಂಟ ತಿದ್ದಿದೆ, ಮತ್ತೆ ‘ಕತ್ತರಿ’ ತೋರಿಸಿದೆ. ಹಳೆಯ ಅಂಕಿ. ತಪ್ಪು ಅಂಕಿ. ಮೂರು ಸಲ ಮಾಡಿ ತೋರಿಸಿದೆ.

“ನೋಡಿ ಮಾವ, ನಿಮ್ಮ ಕೈ ತಪ್ಪಿಲ್ಲ. ನೀವು ಫೋನ್ ಮಾಡಿ ಕೇಳಿದ್ರಿ, ಫೋನ್ ಮಾತು ಕೇಳಿ ಅಂತ ನಾನೇ ಹೇಳ್ದೆ. ಆಮೇಲೆ ಎಲ್ಲರೆದುರು ತಪ್ಪು ನಿಮ್ಮ ಮೇಲೆ ಹಾಕ್ದೆ. ನನ್ನನ್ನ ಕ್ಷಮಿಸಿ.”

ಮಾವನವರು ಫೋನನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟರು.

“ನನಗೋಸ್ಕರ ಕೆಟ್ಟಿರೋ ಆ್ಯಪ್ ಒಂದನ್ನ ಬೇರೆ ಮಾಡ್ಕೊಂಡು ಬಂದ್ರಾ ಅಳಿಯಂದ್ರೇ?”

“ಅಯ್ಯೋ ಇಲ್ಲ ಮಾವ! ಮೊದಲಿಂದ ಇದ್ದದ್ದೇ ಇದು. ನೀವು ಫೋನ್ ಮಾಡಿದ್ದು ನೆನಪಿಲ್ವಾ? ಹನ್ನೊಂದು ಗಂಟೆಗೆ?”

ಅವರು ಹುಬ್ಬು ಗಂಟಿಕ್ಕಿ ನಿಜವಾಗಿಯೂ ಯೋಚಿಸಿದರು. “ಮಾಡಿದ ಹಾಗೆ ಒಂದು ನೆನಪಿದೆ,” ಎಂದರು ಮೆಲ್ಲಗೆ. “ಆದ್ರೆ ಆ ದಿನ ನೀವು ಎಲ್ಲರೆದುರು ಹಾಗೆ ಹೇಳಿದ ಮೇಲೆ, ಅದು ನನ್ನ ಕಲ್ಪನೆ ಅಂತ ಬಿಟ್ಟುಬಿಟ್ಟೆ. ನೀವ್ಯಾಕೆ ಸುಳ್ಳು ಹೇಳ್ತೀರ?”

ನಾನು ಕಂಕುಳಿನ ಪುಸ್ತಕವನ್ನು ಮೇಜಿನ ಮೇಲಿಟ್ಟೆ. ಅವರು ಪುಸ್ತಕವನ್ನು ಬರಸೆಳೆದು ಬೆನ್ನನ್ನು ಸವರಿ, ಒಂದು ಪುಟ ತೆರೆದರು. ನನ್ನ ಪುಟ. ಮದುವೆಯ ಕೋಟಿನ ಅಳತೆ, ಪಕ್ಕದಲ್ಲಿ ಪೆನ್ಸಿಲಿನಲ್ಲಿ: ‘ಹೆದರಿದ್ದಾರೆ. ಒಳ್ಳೆಯ ಹುಡುಗ. ಸ್ವಲ್ಪ ಸಡಿಲ ಬಿಡು.’

“ಏಳಿ,” ಎಂದರು ಮಾವನವರು. “ನಿಮಗೊಂದು ಅಂಗಿ ಹೊಲೀತೀನಿ. ನನಗೋಸ್ಕರ ಇಷ್ಟು ಕಷ್ಟಪಟ್ಟಿದ್ದೀರ.”

ಖಾನೆಯಿಂದ ಟೇಪು ಹೊರಗೆ ಬಂತು. ಕಾಜಾ ಅಕ್ಕ ಕಿಟಕಿಯಿಂದ ತಿರುಗಿ ಕೂತರು. ನಾನು ಎದ್ದು ನಿಂತೆ. ಮಾವನವರು ಭುಜಕ್ಕೆ ಟೇಪಿಟ್ಟರು.

“ಹದಿನೆಂಟೂವರೆ,” ಎಂದರು, ಟೇಪು ನೋಡದೆಯೇ. ಆಮೇಲೆ ತಡೆದು, ಟೇಪಿನ ತುದಿಯನ್ನು ನನ್ನ ಮುಖದ ಹತ್ತಿರ ಹಿಡಿದರು. “ಸರಿಯಾಗಿ ನೋಡಿ ಹೇಳಿ. ಎಷ್ಟಿದೆ?”

ಹದಿನೆಂಟೂವರೆ.

“ಸರಿ ಮಾವ.”

“ಎದೆ ನಲವತ್ತು. ನೋಡಿ.”

“ಸರಿ ಮಾವ.”

ಅಂಗಿ ಹೊಲಿದು ಬಂತು, ಮೈಗೆ ಅಚ್ಚು ಹೊಯ್ದ ಹಾಗಿತ್ತು. ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಇನ್ನಾದರೂ ಆ ರಟ್ಟು ತೆಗೆಯಿರಿ ಮಾವ ಎಂದೆ. “ನೀವು ಪಕ್ಕದಲ್ಲಿ ನಿಂತು ಓದಿದ್ರಿ, ಅದಕ್ಕೆ ಸರಿಬಂತು. ನಾನೊಬ್ಬನೇ ಇದ್ರೆ ಏನ್ ಮಾಡ್ಬಿಡ್ತೀನೋ,” ಎಂದರು. ತುಂಬ ಬಲವಂತ ಮಾಡಿದ ಮೇಲೆ ರಟ್ಟಿನ ಮೇಲೆ ಒಂದು ಸಾಲು ಸೇರಿಸಿದರು: ‘ಹೊಸ ಬಟ್ಟೆಗೆ ಭಾನುವಾರ ಬನ್ನಿ.’

ಭಾನುವಾರ ಎಂದರೆ ನನಗೆ ರಜೆಯಿರುವ ದಿನ. ಪ್ರತಿ ಭಾನುವಾರ ಬೆಳಗ್ಗೆ ನಾನು ಅಂಗಡಿಗೆ ಹೋಗುತ್ತೇನೆ. ಮೇಷ್ಟ್ರು ಬರುತ್ತಾರೆ, ಯಜಮಾನರು ಬರುತ್ತಾರೆ, ನನ್ನಂಥ ಅಳಿಯ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎನ್ನುತ್ತಾರೆ. ಮಾವನವರು ಟೇಪು ಇಟ್ಟೊಡನೆ, ಕಣ್ಣು ಬೇರೆಲ್ಲೋ ಇದ್ದು, ಅಂಕಿ ಹೇಳುತ್ತಾರೆ. ನಾನು ಬಗ್ಗಿ ಟೇಪು ನೋಡುತ್ತೇನೆ. ಇಲ್ಲಿಯವರೆಗೆ ಕಾಲು ಇಂಚು ಕೂಡ ತಪ್ಪಿಲ್ಲ. ಆದರೂ ಪೆನ್ಸಿಲು ಹಿಡಿದ ಅವರ ಕೈ ಗಾಳಿಯಲ್ಲಿ ನಿಂತಿರುತ್ತದೆ. “ಸರಿಯಾ?” ಎಂದು ಕೇಳುತ್ತಾರೆ. “ಸರಿ ಮಾವ,” ಎನ್ನುತ್ತೇನೆ. ಆಗ ಬರೆದುಕೊಳ್ಳುತ್ತಾರೆ.

ತಮ್ಮ ಕೈಯನ್ನು ಅವರು ಈಗ ನಂಬುವುದಿಲ್ಲ. ನನ್ನನ್ನು ನಂಬುತ್ತಾರೆ.